ಸಂಡಿಗೆ ಎತ್ರೀ, ಪಂಪು ಓಡ್ಲಿ

"ಸಂಡಿಗೆ ಎತ್ರೀ, ಪಂಪು ಓಡ್ಲಿ."

ನನ್ನ ಹೆಂಡತಿ ನನಗೆ ಕೊನೆಯದಾಗಿ ಹೇಳಿದ ಮಾತು ಇದು. ಮಧ್ಯಾಹ್ನ ಎರಡು ಗಂಟೆ. ನಾನು ಜಗಲಿ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. "ಕಾಫಿ ಕುಡ್ದು ಎತ್ತೀನಿ ಬುಡು" ಅಂದೆ. ಕುಡಿದು ತಿರುಗಿ ನೋಡಿದರೆ ಕಂಬಕ್ಕೆ ಒರಗಿದ್ದಳು. ನಿದ್ದೆ ಬಂತೇನೋ ಅಂದುಕೊಂಡೆ. ನಿದ್ದೆ ಅಲ್ಲ.

ಸಂಡಿಗೆ ಎತ್ತಲಿಲ್ಲ.

ಮಣ್ಣಿಗೆ ಬಂದವರೆಲ್ಲ ಕೇಳಿದರು, "ಕೊನೇಲಿ ಏನಂದ್ಲಪ್ಪ?" ಅಂತ. ಶಿವಾ ಅಂದಳು ಅಂತಲೋ, ಮಗಳ ಹೆಸರು ಹೇಳಿದಳು ಅಂತಲೋ ಹೇಳ್ತೀನಿ ಅಂತ ಕಾಯ್ತಾ ಇದ್ದರು. ನಾನು ಇದ್ದದ್ದು ಇದ್ದಂಗೆ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಮಾತು ಅರ್ಥ ಆಗಬೇಕಾದರೆ ಹಿಂದಿನಿಂದ ಹೇಳಬೇಕು. ನಮ್ಮ ಮನೇಲಿ ಡೀಸೆಲ್ಲು, ಪೆಟ್ರೋಲು, ಗ್ಯಾಸು ಅಂದರೆ ಏನಾದರೂ ಒಂದು ಆಗೇ ಆಗೋದು. ಬೆಲೆ ಏರಿದಷ್ಟು ಸಲಾನೂ ಆಗಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯೋದು ನಿಧಾನ. ಆದರೂ ಬರೆದಿದ್ದೀನಿ.

ಅಳತೆ ಕಡ್ಡಿ

ಹಂದನಕೆರೆ ಹತ್ತಿರ ನಮ್ಮ ತೆಂಗಿನ ತೋಟ. ಕೆರೆ ಹಿಂದೆ ಮನೆ, ಮನೆ ಪಕ್ಕದಲ್ಲೇ ಬಾವಿ, ಬಾವಿ ಮೇಲೆ ಡೀಸೆಲ್ ಇಂಜಿನ್ನು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡೋದು. ನಾನು ತಿರುಗಿಸಿದರೆ ಕೆಮ್ಮಿ ಸುಮ್ಮನಾಗೋದು. ಅವಳು ಸೆರಗು ಸಿಕ್ಕಿಸಿಕೊಂಡು ಒಂದು ಸುತ್ತು ಕೊಟ್ಟರೆ ಸಾಕು, ಡಬಡಬ ಅಂತ ಓಡೋದು. "ನಿಮ್ಮನ್ನ ಕಂಡ್ರೆ ಅದಕ್ಕೂ ಬ್ಯಾಸರ ಕಣ್ರೀ" ಅನ್ನೋಳು.

ಡೀಸೆಲ್ ಬೆಲೆ ಏರಿದ ಸುದ್ದಿ ರೇಡಿಯೋದಲ್ಲಿ ಬಂದ ದಿನ ಅವಳು ಕೇಳಿದಳು, "ಯಾಕಂತೆ?"

"ಎಲ್ಲೋ ಮರಳುಗಾಡಿನ ದೇಶದಲ್ಲಿ ಜಗಳವಂತೆ."

"ಅಲ್ಲಾ ಕಣ್ರೀ, ಅವ್ರು ಅವ್ರೂರಲ್ಲಿ ಹೊಡ್ದಾಡಿದ್ರೆ ನಮ್ ತೆಂಗಿಗೆ ಯಾಕೆ ನೀರಿಲ್ಲ?"

ನಾನು ರೇಡಿಯೋ ಆರಿಸಿದೆ.

ಅವತ್ತಿನಿಂದ ಅವಳು ಡೀಸೆಲ್ ಅಳೆಯೋಕೆ ಶುರು ಮಾಡಿದಳು. ಪರಕೆಯಿಂದ ಉದ್ದದ ತೆಂಗಿನ ಕಡ್ಡಿ ಒಂದು ಕಿತ್ತು, ಟ್ಯಾಂಕಿಗೆ ಇಳಿಸಿ, ಎಲ್ಲಿವರೆಗೆ ಒದ್ದೆಯಾಯಿತೋ ಅಲ್ಲಿ ಉಗುರಲ್ಲಿ ಗುರುತು ಮಾಡೋಳು. ಅಳೆದ ಮೇಲೆ ಕಡ್ಡೀನ ಬಚ್ಚಲ ಗೂಡಲ್ಲಿ ಇಡೋಳು.

ಆಗ ನನ್ನ ಮಾವ ಬಂದಿದ್ದರು, ತುರುವೇಕೆರೆ ಕಡೆಯವರು. ಮಗಳ ಮನೇಲಿ ಮೂರು ದಿನ ಇದ್ದು ಹೋಗೋಣ ಅಂತ. ನಮ್ಮ ಕಡೆ ಹಲ್ಲುಜ್ಜಿದ ಮೇಲೆ ತೆಂಗಿನ ಕಡ್ಡಿ ಬಗ್ಗಿಸಿ ನಾಲಿಗೆ ಕೆರೆಯೋದು ವಾಡಿಕೆ. ಮಾವ ಬೆಳಗ್ಗೆ ಬಚ್ಚಲಿಗೆ ಹೋದರು. ಗೂಡಲ್ಲಿ ಕಡ್ಡಿ ಕಂಡಿತು.

ಹೊರಗೆ ಬಂದು ಕಾಫಿ ಕುಡಿದರು. ಮುಖ ಕಿವುಚಿದರು. ಮುದ್ದೆ ಉಂಡರು. ಮತ್ತೆ ಕಿವುಚಿದರು. "ಅಳಿಯಂದ್ರೇ, ನಿಮ್ಮೂರ ನೀರು ಒಂಥರಾ ಐತೆ ಕಣಪ್ಪ. ಮಜ್ಜಿಗೇನೂ ಇಂಜಿನ್ ವಾಸ್ನೆ ಹೊಡೀತೈತೆ."

ಅವಳು ಓಡಿಹೋಗಿ ಕಡ್ಡಿ ನೋಡಿದಳು. ನಡುವೆ ಬಾಗು ಬಿದ್ದಿತ್ತು. ಸೆರಗು ಬಾಯಿಗೆ ತುರುಕಿಕೊಂಡು ಬಂದು ನನ್ನ ಕಿವೀಲಿ ಹೇಳಿದಳು, "ಅಪ್ಪನ್ ಮುಂದೆ ಹೇಳೀರಾ ಮತ್ತೆ!" ಮೂರು ದಿನಾನೂ ಮಾವ ಅದೇ ಕಡ್ಡಿಯಲ್ಲೇ ಕೆರೆದುಕೊಂಡರು. ಹೊಸ ಕಡ್ಡಿ ಇಟ್ಟರೆ ಅನುಮಾನ ಬರುತ್ತೆ ಅಂತ ಇವಳು ಇಡಲೇ ಇಲ್ಲ.

ಮುಂದಿನ ಸಲ ಬಂದಾಗ ಮಾವ ಅವರೂರಿನಿಂದ ಒಂದು ಕ್ಯಾನ್ ನೀರು ಹೊತ್ತು ತಂದಿದ್ದರು.

ಇಳಿಜಾರು

ಪೆಟ್ರೋಲ್ ಏರಿದ ಮೇಲೆ ನಾನೊಂದು ಪದ್ಧತಿ ಮಾಡಿಕೊಂಡೆ. ಇಳಿಜಾರು ಬಂದರೆ ಮೊಪೆಡ್ ಆಫ್ ಮಾಡೋದು. ಏರು ಬಂದರೆ ಹೆಂಡತಿಯನ್ನ ಇಳಿಸೋದು. ಏರು ಹತ್ತಿ ನಿಲ್ಲಿಸ್ತೀನಿ, ಅವಳು ನಡೆದು ಬಂದು ಹತ್ತುತ್ತಾಳೆ.

ಒಂದು ದಿನ ಚಿಕ್ಕನಾಯಕನಹಳ್ಳಿಗೆ ಹೊರಟೆವು. ಒಂದು ಏರಿನಲ್ಲಿ ಇಳಿಸಿದೆ. ಮೇಲೆ ಹೋಗಿ ನಿಲ್ಲಿಸಿದೆ. ಬ್ಯಾಗು ಹಿಂದೆ ಇಟ್ಟಂಗಾಯಿತು. ಅವಳೂ ಹತ್ತಿದಳು ಅಂತ ಇಳಿಜಾರಿಗೆ ಬಿಟ್ಟೆ. ಇಂಜಿನ್ ಆಫ್. ದಾರಿಯುದ್ದಕ್ಕೂ ಮಾತಾಡಿದೆ. ಕೊಬ್ಬರಿ ಅಟ್ಟಕ್ಕೆ ಹೊಸ ಬಿದಿರು ಹಾಕಿಸಬೇಕು ಅಂದೆ. ಮಗಳು ಫೋನ್ ಮಾಡಿದ್ದಳಾ ಅಂತ ಕೇಳಿದೆ. ಉತ್ತರ ಇಲ್ಲ. ಏರಲ್ಲಿ ಇಳಿಸಿದ್ದಕ್ಕೆ ಸಿಟ್ಟು ಅಂದುಕೊಂಡೆ. "ಸರಿ ಕಣೇ, ಇನ್ಮೇಲೆ ಇಳಿಸಲ್ಲ ಬುಡು" ಅಂತಲೂ ಅಂದೆ. ನಡುವೆ ಯಾವುದೋ ಒಂದು ಗಾಡಿ ಸದ್ದೇ ಇಲ್ಲದೆ ನನ್ನ ದಾಟಿ ಹೋಯಿತು.

ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದರೆ ಅವಳು ಎದುರಿಗೆ ನಿಂತಿದ್ದಾಳೆ. ಕೈಯಲ್ಲಿ ಅರ್ಧ ತಿಂದ ಸೌತೆಕಾಯಿ. ಹಿಂದೆ ತಿರುಗಿ ನೋಡಿದೆ. ಸೀಟಿನ ಮೇಲೆ ಬ್ಯಾಗು ಮಾತ್ರ.

"ನೀನು ಹೆಂಗೆ ಬಂದೆ?"

"ಆಸ್ಪತ್ರೆ ನರ್ಸಮ್ಮ ಕರೆಂಟ್ ಸ್ಕೂಟ್ರಲ್ಲಿ ಹತ್ತುಸ್ಕೊಂಡ್ರು. ಹೊಗೆ ಇಲ್ಲ, ಸದ್ದಿಲ್ಲ, ಏರು ಬಂದ್ರೆ ಇಳಿ ಅನ್ನಾದೂ ಇಲ್ಲ. ದಾಟ್ಬೇಕಾದ್ರೆ ನೋಡ್ದೆ, ನೀವು ಬ್ಯಾಗಿನ್ ಜೊತೆ ಚೆನ್ನಾಗಿ ಮಾತಾಡ್ತಿದ್ರಿ. ಯಾಕೆ ಕೆಡಿಸಾದು ಅಂತ ಸುಮ್ನೆ ಬಂದೆ."

ಇನ್ಮೇಲೆ ಇಳಿಸಲ್ಲ ಅಂತ ಹೇಳಿದ್ದು ಬ್ಯಾಗಿಗೆ. ಹಾಗಾಗಿ ವಾಪಸ್ ಬರುವಾಗಲೂ ಇಳಿಸಿದೆ.

ಗ್ಯಾಸ್ ಕಾಫಿ

ಸಿಲಿಂಡರ್ ಬೆಲೆ ಏರಿದ ಮೇಲೆ ಅದು ನಮ್ಮ ಮನೇಲಿ ನೆಂಟರಂಗಾಯಿತು. ಮೈಮೇಲೆ ಹೂವಿನ ಬಟ್ಟೆ ಹೊದ್ದು ಮೂಲೇಲಿ ಕೂತಿತ್ತು. ಅಡಿಗೆ ಎಲ್ಲ ಕರಟ, ತೆಂಗಿನ ಮಟ್ಟೆ ಉರಿಯಲ್ಲಿ. ಬೇಕಾದವರು ಬಂದರೆ ಮಾತ್ರ ಗ್ಯಾಸ್ ಹಚ್ಚೋಳು.

ನಮ್ಮ ಕೊಬ್ಬರಿ ಕೊಳ್ಳೋ ಸಾಹುಕಾರರಿಗೆ ಯಾವಾಗಲೂ ಗ್ಯಾಸ್ ಕಾಫಿ. ಕೂತು ಟವೆಲ್ ಕೊಡವೋದರೊಳಗೆ ಲೋಟ ಬರೋದು. ಒಂದು ಸಲ ಬಂದರು. ಟವೆಲ್ ಕೊಡವಿದರು. ಮಳೆ ಮಾತಾಡಿದರು, ನುಸಿ ರೋಗದ ಮಾತಾಡಿದರು. ಕಾಫಿ ಇಲ್ಲ. ಒಳಗಿನಿಂದ ಊದುಗೊಳವೆ ಸದ್ದು ಬರ್ತಾ ಇತ್ತು. ಹೊಗೆನೂ ಬಂತು.

ಸಾಹುಕಾರರು ಅಟ್ಟದ ಕಡೆ ಒಂದು ಸಲ ನೋಡಿದರು. "ಕೊಬ್ರಿ ಬೇರೆಯವ್ರಿಗೆ ಮಾತಾಡ್ಬುಟ್ರೇನಪ್ಪ?"

ಮಾತಾಡಿದ್ದೆವು.

ಬಿಸಿಲು ತಂದ ಲಾರಿ

ಸೋಲಾರ್ ಪಂಪ್ ಹಾಕಿಸೋಣ ಅಂದವಳು ಅವಳೇ. "ಬಿಸಿಲಿಗೆ ಯಾವ್ ದೇಶದವ್ರೂ ಜಗಳ ಆಡಾಕಾಗಲ್ಲ" ಅಂದಳು. ಅರ್ಜಿ ಹಾಕಿ, ಬಹಳ ದಿನ ಕಾದು, ಕೊನೆಗೆ ಲಾರಿ ಬರ್ತದೆ ಅಂತ ಫೋನ್ ಬಂತು.

ಲಾರಿ ನಮ್ಮ ತೋಟದ ತಿರುವಿನಲ್ಲಿ ನಿಂತುಬಿಟ್ಟಿತು. ಡೀಸೆಲ್ ಖಾಲಿ. ಬಂಕು ದೂರ. ಡ್ರೈವರ್ ತಲೆ ಕೆರೆದುಕೊಂಡು ಬಂದ. "ಯಜಮಾನ್ರೇ, ನಿಮ್ ಇಂಜಿನ್ನಲ್ಲಿ ಡೀಸೆಲ್ ಐತಾ?"

ಪೈಪ್ ಹಾಕಿ ಬಾಯಲ್ಲಿ ಎಳೆದು ಕ್ಯಾನ್ ತುಂಬಿಸಿದೆವು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡ್ತಿದ್ದಳು. "ಬಿಸಿಲು ಮನೆಗೆ ಬರಾಕೂ ನಮ್ ಡೀಸೆಲ್ಲೇ ಬೇಕಾಯ್ತಾ?"

ಲಾರಿ ಬಂತು. ಸೋಲಾರಿನ ಗಾಜಿನ ಹಾಳೆಗಳು ಇಳಿದವು. ಅವಳು ಒಂದನ್ನ ಬೆರಳಲ್ಲಿ ತಟ್ಟಿ ಕಿವಿ ಇಟ್ಟು ಕೇಳಿದಳು. ನಮ್ಮ ಕಡೆ ಕಾಯಿ ಒಣಗಿ ಕೊಬ್ಬರಿ ಆಯಿತೋ ಇಲ್ಲವೋ ಅಂತ ಅಲ್ಲಾಡಿಸಿ ಕೇಳ್ತೀವಿ. ಒಳಗೆ ಗುಡುಗುಡು ಅಂದರೆ ಆಗಿದೆ ಅಂತ. ಇಲ್ಲಿ ಏನೂ ಕೇಳಲಿಲ್ಲ.

"ಇನ್ನೂ ಆಗಿಲ್ಲ ಕಣ್ರೀ, ವಾಪಸ್ ಕಳ್ಸಿ" ಅಂದಳು.

ಡ್ರೈವರ್ ಗಾಬರಿಯಾದ. ವಾಪಸ್ ಹೋಗೋಕೆ ಅವನ ಹತ್ತಿರ ಡೀಸೆಲ್ ಇರಲಿಲ್ಲ.

ಹತ್ತು ಗಂಟೆ ಕಾಯಿಲೆ

ಪಂಪು ಚೆನ್ನಾಗಿ ಓಡಿತು. ಶಿವರಾತ್ರಿ ಕಳೆದ ಮೇಲೆ ಒಂದು ಕಾಯಿಲೆ ಹಿಡಿಯಿತು. ಬೆಳಗ್ಗೆ ಓಡೋದು. ಹತ್ತು ಗಂಟೆಗೆ ನಿಲ್ಲೋದು. ಸಂಜೆ ನಾಲ್ಕಕ್ಕೆ ಮತ್ತೆ ಓಡೋದು. ಸುಡು ಬಿಸಿಲಲ್ಲೇ ಯಾಕೆ ನಿಲ್ತದೆ? ನಾನು ತೋಟದ ಕೆಳಗಿನ ತುದೀಲಿ ಪಾತಿಗೆ ನೀರು ಕಟ್ಟುತ್ತಾ ತಲೆ ಕೆಡಿಸಿಕೊಂಡೆ. ಬಿಸಿಲು ಜಾಸ್ತಿ ಆದರೆ ಅದಕ್ಕೂ ಸುಸ್ತಾಗುತ್ತೇನೋ ಅಂದುಕೊಂಡೆ.

ಫೋನ್ ಮಾಡಿದೆ. ಮೆಕ್ಯಾನಿಕ್ ಬಂದ. ನಡುವಯಸ್ಸಿನವನು, ಕನ್ನಡಕ. ಅವನು ನೋಡಿದಾಗ ಪಂಪು ಚೆನ್ನಾಗಿ ಓಡ್ತಿತ್ತು. ಅವನು ಹೋದ, ಪಂಪು ನಿಂತಿತು. ಮತ್ತೆ ಕರೆಸಿದೆ. ಮತ್ತೆ ಓಡಿತು. "ಯಜಮಾನ್ರೇ, ಇದಕ್ಕೆ ನನ್ ಮೇಲೆ ಪ್ರೀತಿ" ಅಂದ.

ಮೂರನೇ ಸಲ ಹೇಳದೆ ಕೇಳದೆ ಬಂದ. ನನ್ನನ್ನ ತೋಟದಿಂದ ಕೂಗಿದ. ಹೋಗಿ ನೋಡಿದರೆ ಎರಡು ಹಾಳೆಗಳ ಮೇಲೆ ನನ್ನ ಹಳೇ ಪಂಚೆ. ಪಂಚೆ ಮೇಲೆ ಸಾಲಾಗಿ ಅಕ್ಕಿ ಸಂಡಿಗೆ.

ಅವಳೇನೂ ಬೆದರಲಿಲ್ಲ. "ಕೋಳಿ ಹತ್ತಲ್ಲ, ಧೂಳಿಲ್ಲ, ಗಾಜು ಕಾದು ಕೆಂಡ ಆಗಿರ್ತದೆ. ಇದಕ್ಕಿಂತ ಜಾಗ ಎಲ್ಲೈತೆ?" ಅಂದಳು. ನೆಂಟರು ಬರ್ತಾರೆ ಅಂದರೆ ಸಂಡಿಗೆಗೆ ಕಣ್ಣು ಬೀಳುತ್ತೆ ಅಂತ ಮೊದಲೇ ಎತ್ತಿ ಒಳಗಿಡ್ತಿದ್ದಳು. ಮೆಕ್ಯಾನಿಕ್ಕೂ ನೆಂಟನೇ.

"ಅಮ್ಮಾ, ಎರಡು ಮುಚ್ಚಿದ್ರೆ ಎಲ್ಲಾ ನಿಲ್ತವೆ" ಅಂದ ಅವನು.

"ಅದೆಂಗೆ? ಉಳಿದವು ದುಡೀಲಿ."

"ಒಂದೇ ಸಾಲಿಗೆ ಕಟ್ಟಿರೋದು. ಒಂದು ಮಲಗಿದ್ರೆ ಜೊತೇಲಿರೋವು ಎಳೆಯಲ್ಲ."

ಅದು ನನಗೆ ಬಹಳ ದಿನ ತಲೇಲಿ ಕೂತಿತ್ತು. ಬಿಸಿಲು ಎಲ್ಲದರ ಮೇಲೂ ಬೀಳ್ತಿದೆ. ಮುಚ್ಚಿರೋದು ಎರಡೇ. ಉಳಿದವಕ್ಕೆ ಏನಾಗಬೇಕು? ಆದರೂ ನಿಲ್ತವೆ.

ಕೊನೆಗೆ ಮೆಕ್ಯಾನಿಕ್ಕೇ ಪಂಚಾಯ್ತಿ ಮಾಡಿದ. ಎರಡು ಗಂಟೆವರೆಗೆ ಸಂಡಿಗೆ, ಆಮೇಲೆ ಪಂಪು. ಹೋಗುವಾಗ ಅವನ ಬ್ಯಾಗು ಉಬ್ಬಿತ್ತು. ರಿಪೇರಿ ಪುಸ್ತಕದಲ್ಲಿ ಕಾಯಿಲೆ ಏನು ಅನ್ನೋ ಜಾಗದಲ್ಲಿ "ನೆರಳು" ಅಂತ ಬರೆದಿದ್ದ. ಯಾತರ ನೆರಳು ಅಂತ ಬರೆದಿರಲಿಲ್ಲ. ಸಂಡಿಗೆಗೆ ಅಷ್ಟು ನಿಯತ್ತು ಇತ್ತು ಅವನಿಗೆ.

ಮಾರನೇ ದಿನ ಬೆಳಗ್ಗೆ

ಮಗಳು ಹಾಸನದಿಂದ ಬರಬೇಕಾಗಿದ್ದಕ್ಕೆ ಮಣ್ಣು ಮಾರನೇ ದಿನಕ್ಕೆ ಹೋಯಿತು. ಬೆಳಗ್ಗೆ ಅಂಗಳದ ತುಂಬ ಜನ. ಅವಳಿಗೆ ಸ್ನಾನ ಮಾಡಿಸಬೇಕು. ತೊಟ್ಟೀಲಿ ನೀರಿಲ್ಲ. ಊರ ನಲ್ಲಿ ನೀರಿನ ದಿನವಲ್ಲ.

"ಪಂಪ್ ಹಾಕ್ರೋ" ಅಂತ ಯಾರೋ ಅಂದರು. ಹಾಕಿದರು. ಓಡಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. ಅವಳು ಕೈಯಾರೆ ಇಟ್ಟ ಸಂಡಿಗೆ ಹಂಗೇ ಇರಲಿ ಅನ್ನಿಸಿತ್ತು.

"ಹಳೇ ಇಂಜಿನ್ ಐತಲ್ಲಾ!" ಅಂತ ಯಾರೋ ಕೂಗಿದರು. ಗಂಡಸರೆಲ್ಲ ಅಲ್ಲಿಗೆ ಹೋದರು. ಒಬ್ಬರಾದ ಮೇಲೆ ಒಬ್ಬರು ಹ್ಯಾಂಡಲ್ ತಿರುಗಿಸಿದರು. ಅದು ಕೆಮ್ಮಿತು. ಎಲ್ಲರನ್ನ ಕಂಡರೂ ಅದಕ್ಕೆ ಬೇಸರ. "ಡೀಸೆಲ್ ಐತೇನ್ಲಾ ಮೊದ್ಲು?" ಅಂದರು ನನ್ನ ಮಾವ. ಈಗ ತೊಂಬತ್ತರ ಹತ್ತಿರ ಅವರಿಗೆ. ಮಗಳ ಮುಖ ನೋಡೋಕೆ ಇನ್ನೊಬ್ಬರ ಭುಜ ಹಿಡಿದು ಬಂದಿದ್ದರು.

ನಾನು ಗೂಡಿನಿಂದ ಕಡ್ಡಿ ತಂದುಕೊಟ್ಟೆ. ಅದೇ ಕಡ್ಡಿ. ಡೀಸೆಲ್ ಕುಡಿದಿದ್ದಕ್ಕೆ ಹುಳ ಬಿದ್ದಿರಲಿಲ್ಲ. ಮಾವನೇ ಟ್ಯಾಂಕಿಗೆ ಇಳಿಸಿದರು. ಒಣಗಿದ್ದೇ ಮೇಲೆ ಬಂತು. ಕಣ್ಣು ಮಂಜು, ಕಾಣಲಿಲ್ಲ. ಒದ್ದೆಯಾಗಿದೆಯಾ ಅಂತ ಮೂಗಿನ ಹತ್ತಿರ ಹಿಡಿದರು.

ಹಿಡಿದವರು ಹಂಗೇ ನಿಂತರು. ಇನ್ನೊಂದು ಸಲ ಮೂಸಿದರು. ಬೆರಳಲ್ಲಿ ಸವರಿ ನಡುವಿನ ಬಾಗು ಮುಟ್ಟಿದರು. ನನ್ನ ಮುಖ ನೋಡಿದರು.

"ಅಳಿಯಂದ್ರೇ... ಅವತ್ತು ಬಚ್ಚಲಲ್ಲಿ ಇದ್ದಿದ್ದು..."

"ಹೂಂ" ಅಂದೆ.

"ನಿಮ್ಮೂರ ನೀರನ್ನ ಇಷ್ಟು ವರ್ಷ ಬೈದೆನಲ್ಲಪ್ಪೋ!" ಅಂದರು. ಅಂಗಳದ ಕಡೆ, ಅವಳ ಕಡೆ ತಿರುಗಿ ಕೂಗಿದರು, "ಹೇಳ್ಲಿಲ್ವಲ್ಲೇ ಕಳ್ಳೀ! ಕ್ಯಾನ್ ಗಟ್ಲೆ ನೀರು ಹೊತ್ನಲ್ಲೇ!" ನಗು ಬಂದುಬಿಟ್ಟಿತು ಅವರಿಗೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಗೊತ್ತಿದ್ದವರೂ ನಕ್ಕರು, ಗೊತ್ತಿಲ್ಲದವರೂ ನಕ್ಕರು. ಅಳ್ತಾ ಕೂತಿದ್ದ ಹೆಂಗಸರು ಇದೇನು ಅಂತ ಎದ್ದು ಬಂದರು. ಮಾವ ನಗುತ್ತಲೇ ಕಣ್ಣು ಒರೆಸಿಕೊಂಡರು.

ನಾನು ಒಳಗೆ ಹೋಗಿ ಅವಳ ಮೊರ ತಗೊಂಡೆ. ಪಕ್ಕದ ಮನೆಯಾಕೆ ಕಾಫಿ ಹಿಡಿದು ಅಡ್ಡ ಬಂದಳು. "ನಿನ್ನೆಯಿಂದ ಏನೂ ಕುಡ್ದಿಲ್ಲ ನೀನು. ಕಾಫಿ ಕುಡ್ದು ಹೋಗಣ್ಣ."

"ಎತ್ತಿ ಬಂದು ಕುಡೀತೀನಿ, ಇಡವ್ವಾ" ಅಂದೆ.

ಹಾಳೆಗಳ ಹತ್ತಿರ ಹೋಗಿ ಒಂದೊಂದೇ ಸಂಡಿಗೆ ಎತ್ತಿ ಮೊರಕ್ಕೆ ಹಾಕಿದೆ. "ಪಾಪ, ತಲೆ ಕೆಟ್ಟೋಯ್ತು" ಅಂತ ಯಾರೋ ಹಿಂದೆ ಅಂದರು. "ಸುಮ್ನಿರ್ಲಾ, ನನ್ ಮಗಳು ಹೇಳೋಗವ್ಳೆ" ಅಂದರು ಮಾವ. ಪಂಚೆ ಮಡಿಸಿದೆ. ಗಾಜು ಒರೆಸಿದೆ. ಬಿಸಿಲು ಬಿತ್ತು. ಸ್ವಲ್ಪ ಹೊತ್ತಿಗೆ ಪಂಪು ಓಡಿತು. ಮೊದಲನೇ ಬಿಂದಿಗೆ ಮಗಳು ಹಿಡಿದಳು.

ಆಮೇಲೆ ಬಂದು ಕಾಫಿ ಕುಡಿದೆ. ತಣ್ಣಗಾಗಿತ್ತು.