ಸಿಂಕಿಗೆ ಹೋದ ಕಟ್ಟು

ಯುಗಾದಿಯ ಬೆಳಿಗ್ಗೆ ಒಂಬತ್ತೂಕಾಲಿಗೆ ಮಹಾಬಲೇಶ್ವರ ಹೋಳಿಗೆಯ ಬೇಳೆ ಬಸಿದ. ಪಾಸ್ತಾ ಬಸಿಯುವ ಹಾಗೆ ಬಸಿದ. ತೂತಿನ ಬುಟ್ಟಿಯನ್ನು ಸಿಂಕಿನಲ್ಲಿಟ್ಟು, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಬೆಗೆ ಮುಖ ತಿರುಗಿಸಿಕೊಂಡು ಸುರಿದೇಬಿಟ್ಟ. ಬೇಳೆ ನಿಂತಿತು, ನೀರು ಗುಳುಗುಳು ಎಂದು ಕೊಳವೆಗಿಳಿಯಿತು. ಆ ನೀರಿಗೆ ಕಟ್ಟು ಎಂದು ಹೆಸರು, ಹೋಳಿಗೆ ಸಾರಿಗೆ ಅದೇ ಜೀವ ಎಂಬುದು ಅವನಿಗೆ ನೆನಪಾದದ್ದು ಕೊನೆಯ ಗುಳುಕು ಕೇಳಿದ ಮೇಲೆ.

ಬಗ್ಗಿ ಕೊಳವೆಯೊಳಗೆ ಇಣುಕಿದ. ಹೆಸರಿನಲ್ಲಷ್ಟೇ ಮಹಾಬಲ, ಪಾಪ.

"ಮಹಾಬಲ ಅವರೇ, ಆ ಬೇಳೆ ಬಸಿದಿಡಿ. ಸ್ನಾನ, ಪೂಜೆ ಮುಗಿಸಿ ಬರ್ತೀನಿ. ಸಾರು ನಾನೇ ಮಾಡ್ತೀನಿ," ಎಂದು ಹೇಳಿಹೋಗಿದ್ದವರು ಅತ್ತೆ ಕಮಲಮ್ಮ. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬ್ರಿಸ್ಬೇನಿನ ನಾರ್ತ್ ಲೇಕ್ಸ್ ಬಡಾವಣೆಗೆ ಬಂದು ಮೂರು ವಾರವಾಗಿತ್ತು. ಅಷ್ಟರಲ್ಲೇ ಅಳಿಯ ಎರಡು ಅಪರಾಧ ಮಾಡಿಯಾಗಿತ್ತು. ಒಂದು, ಅವರು ಹೊತ್ತು ತಂದ ಕಬ್ಬಿಣದ ದೋಸೆ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ಬೆಳ್ಳಗೆ ಮಾಡಿದ್ದ. ಎರಡು, ನೆನೆಹಾಕಿದ್ದ ಹುಣಸೆಹಣ್ಣನ್ನು ಏನೋ ಕೊಳೆತಿದೆಯೆಂದು ಕಸಕ್ಕೆ ಎಸೆದಿದ್ದ. ಆ ದಿನ ಅತ್ತೆ ಜಗಳವಾಡಲಿಲ್ಲ. ಕನ್ನಡಕ ಒರೆಸಿಕೊಂಡು, "ಇನ್ನೊಂದು ಸಲ ಹೀಗಾದ್ರೆ ನನ್ನ ಟಿಕೆಟ್ ಚೇಂಜ್ ಮಾಡ್ಸಿಬಿಡಿ," ಎಂದಿದ್ದರು, ಅಷ್ಟೇ.

ಅವರು ಹೊರಟರೆ ಎಂಟು ತಿಂಗಳ ಮಗ ಋತ್ವಿಕ್‌ನನ್ನು ನೋಡಿಕೊಳ್ಳುವವರಿಲ್ಲ. ನೋಡಿಕೊಳ್ಳುವವರಿಲ್ಲದಿದ್ದರೆ ಡಾಕ್ಟರಾಗಿರುವ ಹೆಂಡತಿ ಅಪರ್ಣಾ ಆಗಸ್ಟಿನ ಸ್ಪೆಷಲಿಸ್ಟ್ ಪರೀಕ್ಷೆಗೆ ಓದುವ ಹಾಗಿಲ್ಲ. ಹಿಂದೆ ಎರಡು ಸಲ ಆ ಪರೀಕ್ಷೆ ಕೈಕೊಟ್ಟಿತ್ತು, ಇದೇ ಕೊನೆಯ ಅವಕಾಶ. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಕೈ ಮುಗಿದಿದ್ದಳು. "ಅಮ್ಮ ಹೊರಟ್ರೆ ನನ್ನ ಎಕ್ಸಾಮ್ ಗೋವಿಂದ. ಇವತ್ತೊಂದಿನ ಏನೂ ಎಡವಟ್ಟು ಮಾಡ್ಬೇಡ್ರೀ, ಪ್ಲೀಸ್."

ಒಳಗೆ ಸ್ನಾನದ ನೀರು ನಿಂತಿತು. ಇನ್ನು ಪೂಜೆ, ಹೆಚ್ಚೆಂದರೆ ಅರ್ಧ ಗಂಟೆ. ಮಹಾಬಲ ಬರಿಗಾಲಲ್ಲೇ ಎರಡು ಮನೆ ಆಚೆಯ ಗೀತಕ್ಕನ ಮನೆಗೆ ಓಡಿದ.

ಗೀತಕ್ಕನ ಗಂಡ ಅನಂತಪದ್ಮನಾಭ ಹುಲ್ಲಿಗೆ ನೀರು ಬಿಡುತ್ತಿದ್ದರು. "ಬಾರಯ್ಯ, ಹಬ್ಬದ ಶುಭಾಶಯ! ಆರ್ವೋ, ಅದೇ ಮಧ್ಯಾಹ್ನದ ಮೇಲೆ, ಫ್ರೀ ಇದೀಯಾ? ಹಿತ್ತಿಲಲ್ಲಿ ಸುಟ್ಟು ತಿನ್ನೋಕೆ ಒಂದು ಬಾರ್ಬಿ ಒಲೆ ತಗೋಬೇಕು, ನೋಡ್ಕೊಂಡ್ ಬರೋಣ."

"ಅನಂತಣ್ಣ, ಬಾರ್ಬಿ ಆಮೇಲೆ. ಗೀತಕ್ಕ ಎಲ್ಲಿ? ಪ್ರಾಣ ಹೋಗೋ ವಿಷಯ!"

ಗೀತಕ್ಕ ಹೂರಣ ರುಬ್ಬುತ್ತಿದ್ದರು. ಕಥೆ ಕೇಳಿ ಮೊದಲು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಕನಿಕರಪಟ್ಟರು. "ನನ್ನ ಕಟ್ಟು ಆಗ್ಲೇ ಆರಿದೆ, ಪೂರ್ತಿ ತಗೊಂಡ್ ಹೋಗಿ. ಆದ್ರೆ ನಮ್ಮನೇಲಿ ಸಾರಿಲ್ಲ ಅಂದ್ರೆ ಇವರು ಊಟ ಮಾಡಲ್ಲ. ಹೋಳಿಗೆ ಹಿಡ್ಕೊಂಡು ನಿಮ್ಮನೆಗೇ ಬರ್ತೀವಿ."

"ಬನ್ನಿ. ಆದ್ರೆ ಬಾಯಿ ಬಿಡಬಾರದು."

"ದೇವ್ರಾಣೆ ಬಿಡಲ್ಲ. ಹೋಗಿ, ಒಂದು ಡಬ್ಬಿ ತನ್ನಿ. ನನ್ನ ಪಾತ್ರೆ ಎಲ್ಲಾ ಒಲೆ ಮೇಲಿದೆ."

ಮತ್ತೆ ಓಡಿದ. ಅಡುಗೆಮನೆಯ ಕಪಾಟು ತೆರೆದರೆ ಕಿರ್ರ್ ಎನ್ನುತ್ತದೆ, ಅತ್ತೆಗೆ ಕೇಳುತ್ತದೆ. ಗರಾಜಿಗೆ ನುಗ್ಗಿ ಅಲ್ಲಿನ ಹಳೇ ಫ್ರಿಜ್ಜಿನ ಬಾಗಿಲು ತೆಗೆದ. ಕೆಳಗಿನ ಖಾನೆಯಲ್ಲಿ ಒಂದು ಐಸ್‌ಕ್ರೀಂ ಡಬ್ಬಿ. ಮುಚ್ಚಳ ತೆಗೆದರೆ ಹಳದಿ ಬಣ್ಣದ ಕದಡಿದ ನೀರು. ಯಾವ ಕಾಲದ್ದೋ ಏನೋ! ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಸುರಿದು, ಹೊರಗಿನ ನಲ್ಲಿಯಲ್ಲಿ ಡಬ್ಬಿ ತೊಳೆದ. ಅಷ್ಟು ಹೊತ್ತಿಗೆ ಒಳಗೆ ಮಂಗಳಾರತಿಯ ಗಂಟೆ. ಡಬ್ಬಿ ಹಿಡಿದು ಮತ್ತೆ ಗೀತಕ್ಕನ ಮನೆಗೆ ಓಡಿದ.

ಗೀತಕ್ಕನ ಕಟ್ಟು ತುಂಬಿಕೊಂಡು, ಚೆಲ್ಲದ ಹಾಗೆ, ಕಳ್ಳನ ಹಾಗೆ ಗರಾಜಿನೊಳಗೆ ಬಂದು ನೋಡಿದರೆ ಎದುರಿಗೆ ಅತ್ತೆ. ಒದ್ದೆ ತಲೆಗೆ ಟವೆಲ್ ಸುತ್ತಿ, ಕೈ ಕಟ್ಟಿಕೊಂಡು, ಫ್ರಿಜ್ಜಿನ ಪಕ್ಕದಲ್ಲೇ ನಿಂತಿದ್ದರು.

"ಏನದು ಕೈಲಿ?"

"ಐ... ಐಸ್‌ಕ್ರೀಂ ಡಬ್ಬಿ."

"ಕಾಣಿಸ್ತಿದೆ. ಕೊಡಿ, ನಾನೂ ಅದಕ್ಕೇ ಬಂದೆ."

ಮಹಾಬಲ ಡಬ್ಬಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಇವರಿಗೆ ಹೇಗೆ ಗೊತ್ತಾಯಿತು? ಗೀತಕ್ಕ ಫೋನ್ ಮಾಡಿಬಿಟ್ಟರೇ? ಅತ್ತೆ ಡಬ್ಬಿ ಇಸಿದುಕೊಂಡು ಒಳಗೆ ಹೋದರು. ಮುಚ್ಚಳ ತೆಗೆದು ಮೂಸಿದರು, "ಹೂಂ," ಎಂದರು, ಪಾತ್ರೆಗೆ ಸುರಿದರು. ಆ "ಹೂಂ" ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಅವನು ಅಡುಗೆಮನೆಯ ಬಾಗಿಲಲ್ಲಿ ಋತ್ವಿಕ್‌ನನ್ನು ಎತ್ತಿಕೊಂಡು ಒಂದೂವರೆ ಗಂಟೆ ನಿಂತ. ಮಗು ಅವನ ಹೆಗಲ ಮೇಲೆ ಜೊಲ್ಲು ಸುರಿಸಿ ನಿದ್ದೆ ಹೋಯಿತು. ಅವನು ಬೆವರು ಸುರಿಸುತ್ತ ಎಚ್ಚರವಿದ್ದ. ಒಲೆಯ ಮೇಲೆ ಹೂರಣ, ಹುಣಸೆರಸ, ಸಾರಿನಪುಡಿ ಬಿದ್ದು ಸಾರು ಕುದಿಯಿತು. ಇಂಗಿನ ಒಗ್ಗರಣೆ ಚುಂಯ್ ಎಂದಾಗ ಅವನು ಬೆಚ್ಚಿಬಿದ್ದ.

ಒಂದು ಗಂಟೆಗೆ ಅಪರ್ಣಾ ಬಂದಳು. ಹೋಳಿಗೆಯ ಡಬ್ಬಿ ಹಿಡಿದು ಗೀತಕ್ಕ, ಅನಂತಣ್ಣ ಬಂದರು. ಎಲ್ಲರೂ ಊಟಕ್ಕೆ ಕುಳಿತರು. ಅನಂತಣ್ಣ ಅನ್ನದ ಗುಡ್ಡೆಗೆ ಗುಂಡಿ ತೋಡಿ ಸಾರು ಹಾಕಿಸಿಕೊಂಡು ಸೊರ್ರೆಂದು ಹೀರಿದರು. "ಆಹಾ ಕಮಲಮ್ಮನವರೇ! ಮೈಸೂರೇ ನಾರ್ತ್ ಲೇಕ್ಸಿಗೆ ಬಂದ್ಬಿಡ್ತು!"

ಅತ್ತೆಯ ಮುಖ ಅರಳಿತು. ಅಳಿಯನ ಕಡೆ ತಿರುಗಿದರು. "ಮಹಾಬಲ ಅವರೇ, ಬೆಳಿಗ್ಗೆ ನೀವು ಬೇಳೆನ ಸಿಂಕಿಗೆ ಬಸಿದಿರಿ, ಅಲ್ವಾ?"

ಅಪರ್ಣಾ ತಟ್ಟೆಯಿಂದ ಕೈ ತೆಗೆದಳು.

"ಬಚ್ಚಲುಮನೆ ತನಕ ಕೇಳಿಸ್ತು ಗುಳುಗುಳು. ಹೆದರ್ಬೇಡಿ. ಅದು ಬರೀ ಎರಡನೇ ಸಲ ಹಾಕಿ ಕುದಿಸಿದ ನೀರು. ಒಳ್ಳೇ ಕಟ್ಟನ್ನ ನಿಮ್ಮ ಕೈಗೆ ಬಿಡೋಷ್ಟು ದಡ್ಡಿ ಅಲ್ಲ ನಾನು. ಬೆಳಿಗ್ಗೆ ಆರಕ್ಕೇ ಬಸಿದು, ಐಸ್‌ಕ್ರೀಂ ಡಬ್ಬೀಲಿ ಹಾಕಿ, ಗರಾಜ್ ಫ್ರಿಜ್ಜಲ್ಲಿ ಬಚ್ಚಿಟ್ಟಿದ್ದೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಅಪರ್ಣಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಹಾಬಲನೂ ನಗಲು ಹೋದ, ಅರ್ಧಕ್ಕೇ ನಿಂತ. ಐಸ್‌ಕ್ರೀಂ ಡಬ್ಬಿ. ಹಳದಿ ನೀರು. ಕರಿಬೇವಿನ ಬುಡ. ಪರವಾಗಿಲ್ಲ, ಗೀತಕ್ಕ ಒಬ್ಬರು ಸುಮ್ಮನಿದ್ದರೆ ಸಾಕು, ದೇವರೇ, ಗೀತಕ್ಕ ಒಬ್ಬರು.

ಅತ್ತೆ ಗೀತಕ್ಕನಿಗೆ ಇನ್ನೊಂದು ಸೌಟು ಬಡಿಸಿದರು. "ಬೇಜಾರು ಮಾಡ್ಕೋಬೇಡಿ ಗೀತಾ. ಹೋದ ವಾರ ನಿಮ್ಮನೇಲಿ ಸಾರು ತಿಂದೆನಲ್ಲ, ಕಟ್ಟು ನೀರುನೀರಾಗಿತ್ತು. ಈ ರುಚಿ ಬರೋಕೆ ಕಟ್ಟು ತೆಗೆಯೋ ಕೈ ಬೇಕು."

ಗೀತಕ್ಕನ ಮುಖ ಕೆಂಪಾಯಿತು. ಮಹಾಬಲ ಕಣ್ಣಲ್ಲೇ ಬೇಡಿಕೊಂಡ. ದೇವರಾಣೆ ಎಷ್ಟು ಹೊತ್ತು ತಡೆದೀತು?

"ಆಂಟಿ, ಅದು ನಮ್ಮನೆ ಕಟ್ಟು! ಬೆಳಿಗ್ಗೆ ನಿಮ್ಮ ಅಳಿಯ ಬಂದು ಕಾಲು ಹಿಡ್ಕೊಂಡು ಇಸ್ಕೊಂಡ್ ಹೋದ್ರು!"

ಅತ್ತೆ ಸೌಟು ಕೆಳಗಿಟ್ಟರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಾಗಾದ್ರೆ ನಂದೆಲ್ಲಿ?"

ಮಹಾಬಲ ಗಾಜಿನ ಬಾಗಿಲಾಚೆ ಕರಿಬೇವಿನ ಗಿಡದ ಕಡೆ ನೋಡಿದ. ಎಲ್ಲರೂ ಅತ್ತ ನೋಡಿದರು.

"ಅಪರ್ಣಾ," ಎಂದರು ಅತ್ತೆ, "ನನ್ನ ಟಿಕೆಟ್ ಚೇಂಜ್ ಮಾಡ್ಸು."

"ಅಮ್ಮಾ, ನನ್ನ ಎಕ್ಸಾಮ್..." ಅಪರ್ಣಾಳ ದನಿ ಒಡೆಯಿತು.

"ಈಗಿರೋ ಆಗಸ್ಟ್ ಟಿಕೆಟ್ ಸಾಲಲ್ಲ ಕಣೇ. ವೀಸಾ ಇರೋ ತನಕ, ಡಿಸೆಂಬರ್‌ಗೆ ಹಾಕ್ಸು. ಕಟ್ಟು ಯಾವುದು ಕೊಚ್ಚೆ ಯಾವುದು ಗೊತ್ತಿಲ್ಲದ ಮನುಷ್ಯನ ಕೈಗೆ ಮಗೂನ ಬಿಟ್ಟು ನಾನು ಹೇಗೆ ಹೋಗ್ಲಿ?"

ಅಪರ್ಣಾ ಅಮ್ಮನ ತೋಳು ಹಿಡಿದುಕೊಂಡಳು. ಬೆಳಗಿನಿಂದ ಮೊದಲ ಸಲ ಮಹಾಬಲ ಪೂರ್ತಿ ಉಸಿರು ಬಿಟ್ಟ. ಆಗ ಅತ್ತೆ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು, ಹತ್ತನೇ ಕ್ಲಾಸಿನ ಕೊನೆಯ ಬೆಂಚನ್ನು ನೋಡುವ ಹಾಗೆ.

"ನಾಳೆಯಿಂದ ದಿನಾ ಬೆಳಿಗ್ಗೆ ಐದಕ್ಕೆ ಅಡುಗೆಮನೆಗೆ ಬನ್ನಿ. ಬೇಳೆಯಿಂದ ಶುರು ಮಾಡೋಣ. ನೋಟ್‌ಬುಕ್ ತನ್ನಿ. ತಿಂಗಳ ಕೊನೇಲಿ ಪರೀಕ್ಷೆ ಇರತ್ತೆ."

"ಆಂಟಿ, ನಮ್ಮವರನ್ನೂ ಕಳಿಸ್ಲಾ?" ಎಂದರು ಗೀತಕ್ಕ.

ಮೂರನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದ ಅನಂತಣ್ಣನಿಗೆ ನೆತ್ತಿಗೇರಿತು. ಅವರ ತಲೆ ತಟ್ಟಲು ಎಲ್ಲರೂ ಎದ್ದರು. ಮಹಾಬಲ ಮಾತ್ರ ಫೋನ್ ತೆಗೆದು ಐದಕ್ಕೆ ಐದು ನಿಮಿಷವಿರುವಾಗ ಅಲಾರಂ ಇಟ್ಟ.