ಮಲ್ಲಣ್ಣನಾದ ಯವನ

ಮನುಷ್ಯನಿಗೆ ಜಂಬಪಡಲು ಏನಾದರೊಂದು ಬೇಕು. ನಾಸಿಕದ ಸಾತಪುರದ ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಎರಡೂ ಬದಿ ತಿರುಗಿಸಿ ನೋಡದೆ ಒಂದು ಬೋಲ್ಟನ್ನೂ ಪಾಸು ಮಾಡಿದವನಲ್ಲ. ಆದರೆ ಬೋಲ್ಟಿನ ಜಂಬ ಕೇಳುವವರು ಯಾರು? ನನ್ನ ಜಂಬವೆಲ್ಲ ಒಂದು ಬೆಳ್ಳಿ ನಾಣ್ಯದ್ದು. ಊರಿನ ಸರಾಫ್ ಬಜಾರಿನಲ್ಲಿ, ಕರಗಿಸಲು ಗುಡ್ಡೆ ಹಾಕಿದ್ದ ಮುರುಕು ಕಾಲುಗೆಜ್ಜೆಗಳ ನಡುವೆ ಅದು ಕಣ್ಣಿಗೆ ಬಿತ್ತು. ಒಂದು ಬದಿಗೆ ರೆಕ್ಕೆಯ ದೇವತೆ, ಗ್ರೀಕ್ ಅಕ್ಷರ. ಇನ್ನೊಂದು ಬದಿಗೆ ಕುದುರೆ ಏರಿದ ರಾಜ, ಸುತ್ತ ಖರೋಷ್ಠಿ ಲಿಪಿ. ಎರಡು ಸಾವಿರ ವರ್ಷಗಳ ಹಿಂದೆ ಗಾಂಧಾರದ ಕಡೆ ಆಳಿದ ಯವನರದು, ಅಂದರೆ ಗ್ರೀಕರದು ಎಂದು ಪುಸ್ತಕ ನೋಡಿ ತಿಳಿದ ದಿನ ಇಡೀ ಶಿಫ್ಟಿಗೆ ಚಹಾ ಕುಡಿಸಿದೆ. ಗ್ರೀಸ್ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಅಸಲಿಯೋ ನಕಲಿಯೋ ಹೇಳಬಲ್ಲವರು ಔರಂಗಾಬಾದಿನ ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು. ನಾಲ್ಕು ಕಾಗದ ಬರೆದ ಮೇಲೆ ಬರಲು ಒಪ್ಪಿದರು. ಅವರು ಬರುವ ದಿನ ಬೆಳಿಗ್ಗೆ, ನಾಣ್ಯ ಇಟ್ಟಿದ್ದ ಸಿಗರೇಟು ಡಬ್ಬಿ ತೆಗೆದರೆ ಅದು ಖಾಲಿ. ಮನೆಯೆಲ್ಲ ತಡಕಾಡಿ ನೋಡಿದರೆ, ದೇವರ ಜಗಲಿಯ ಮೇಲೆ ಕುದುರೆ ಮೇಲಾಗಿ, ಮೈತುಂಬ ಭಂಡಾರದ ಅರಿಶಿನ ಬಳಿದುಕೊಂಡು ಕೂತಿದೆ.

ಅವ್ವ ಬೀದರಿನವಳು. "ಮೈಲಾರ ಮಲ್ಲಣ್ಣಗ ಸಿಗರೇಟ್ ಡಬ್ಬ್ಯಾಗ ಇಟ್ಟಿದ್ದೆಲ್ಲೋ" ಎಂದು ನನ್ನನ್ನೇ ಬೈದಳು.

"ಅವ್ವ, ಅವ ಗ್ರೀಕ್ ರಾಜ."

"ಕುದುರಿ ಮ್ಯಾಲ ಕುಂತಾನಿಲ್ಲೊ? ಮತ್ತ್ಯಾರವ? ಕುಂತ ದೇವರಿಗಿ ಎಬ್ಬಸಬಾರದಪ್ಪ."

ಮೇಷ್ಟ್ರು ಬಂದರು. ನಮ್ಮ ಮಲ್ಲಣ್ಣನೇ ಮರಾಠಿಯವರ ಖಂಡೋಬಾ. ಅವನೇ ಮೇಷ್ಟ್ರ ಮನೆದೇವರೂ ಹೌದೆಂದು ನಾನೇನು ಕನಸು ಕಂಡಿದ್ದೆನೇ? ಮೊದಲು ಹಣೆಗೆ ಭಂಡಾರ ಹಚ್ಚಿಕೊಂಡರು, ಆಮೇಲೆ ಭೂತಗನ್ನಡಿ ತೆಗೆದರು. ಕುದುರೆಯನ್ನು ಕಣ್ಣರಳಿಸಿ ನೋಡಿ, "ಬಹಳ ಅಪರೂಪದ್ದು. ಈ ಬದಿಯಂತೂ ಅಸಲಿ ಅನ್ನಿಸುತ್ತದೆ" ಎಂದು ಮರಾಠಿಯಲ್ಲಿ ಹೇಳಿದರು. ನನ್ನ ಎದೆ ಉಬ್ಬಿತು. "ಇನ್ನೊಂದು ಬದಿ?" ಎಂದೆ. "ಪೂಜೆಗೆ ಕೂತವನನ್ನು ನಾನು ಬೋರಲು ಹಾಕಲಾರೆ. ನೀವೇ ತಿರುಗಿಸಿ" ಎಂದರು. ನಾನು ಅವ್ವನ ಮುಖ ನೋಡಿದೆ. ಕೈ ಅಲ್ಲೇ ನಿಂತಿತು. ಎರಡೂ ಬದಿ ನೋಡದೆ ಏನನ್ನೂ ಬರೆದುಕೊಡುವುದಿಲ್ಲವೆಂದು ಹೇಳಿ, ಅವ್ವನ ಹೋಳಿಗೆ ತಿಂದು ಮೇಷ್ಟ್ರು ಬಸ್ಸು ಹತ್ತಿದರು.

ಬೋಲ್ಟಿಗೆ ಎರಡು ಬದಿ ಕೇಳುವ ನಾನು, ಒಂದೇ ಬದಿಯ ಅಸಲಿ ನಾಣ್ಯಕ್ಕೆ ಜಂಬವನ್ನು ಮಾತ್ರ ಪೂರ್ತಿಯಾಗಿಯೇ ಪಟ್ಟೆ. ದಿನಾ ಬೆಳಿಗ್ಗೆ ಜಗಲಿಯ ಮುಂದೆ ಮೊಣಕಾಲೂರಿ, ಮೂಗು ತಾಗುವಷ್ಟು ಬಗ್ಗಿ, ಅರಿಶಿನದಡಿಯ ಖರೋಷ್ಠಿ ಓದತೊಡಗಿದೆ. ಒಂದು ದಿನ ಅವ್ವ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ನಾಣ್ಯದ ಹುಚ್ಚ ಬಿಟ್ಟ ನೋಡ್ರಿ ನನ್ನ ಮಗ. ಈಗ ಮಲ್ಲಣ್ಣಗ ಎಷ್ಟ ಬಗ್ಗಿ ಕೈ ಮುಗೀತಾನ." ಅವಳ ಮುಖದ ಮೇಲಿನ ಜಂಬ ನನ್ನದಕ್ಕಿಂತ ಒಂದು ಕೈ ಮೇಲಿತ್ತು. ನಾನು ಇನ್ನಷ್ಟು ಬಗ್ಗಿದೆ. ಎರಡು ಅಕ್ಷರ ಇನ್ನೂ ಬಾಕಿ ಇದ್ದವು.