ಮೀಸೆ ಮೇಸ್ತ್ರಿ ಮತ್ತು ಮೆಣಸಿನಕಾಯಿ ಕೋಣೆ

ವಿಷಗಾಳಿ ಅಂದ್ರೆ ನಗೋ ವಿಷಯ ಅಲ್ಲ. ನಗಬಾರದು ಅಂತಾನೇ ನಾನೂ ಈ ಕೆಲಸಕ್ಕೆ ಸೇರಿದೆ. ಆದ್ರೆ ಪ್ರತಿ ವರ್ಷ ತರಬೇತಿ ಶುರುವಾದ ಮೊದಲನೇ ದಿನವೇ ಏನಾದ್ರೂ ಒಂದು ಆಗ್ಬಿಡುತ್ತೆ, ನಾನು ಗೋಡೆ ಕಡೆ ತಿರುಗಿ ನಿಂತ್ಕೊಂಡು ಕೆಮ್ಮಬೇಕಾಗುತ್ತೆ.

ಕೆಲಸ ಏನು ಅಂತ ಮೊದಲು ಹೇಳ್ಬಿಡ್ತೀನಿ. ಕೋಲಾರದ ಹತ್ರ ಒಂದು ಚಿನ್ನದ ಗಣಿ. ಕೆಳಗೆ ಬಂಡೆಗೆ ಮದ್ದಿಟ್ಟು ಹಾರಿಸಿದ ಮೇಲೆ ಹೊಗೆ ನಿಲ್ಲುತ್ತೆ. ಆ ಹೊಗೇಲಿ ಕಣ್ಣಿಗೆ ಕಾಣದ, ಮೂಗಿಗೂ ಗೊತ್ತಾಗದ ವಿಷಗಾಳಿ ಇರುತ್ತೆ. ಯಾರಾದ್ರೂ ಅದರಲ್ಲಿ ಸಿಕ್ಕಿಕೊಂಡ್ರೆ, ರಬ್ಬರ್ ಮುಖವಾಡ ಹಾಕ್ಕೊಂಡು ಹೋಗಿ ಎತ್ಕೊಂಡು ಬರೋಕೆ ಒಂದು ಪಡೆ ಇದೆ. ಆ ಪಡೆಗೆ ಪಾಠ ಹೇಳೋರು ಒಬ್ಬ ಇಂಗ್ಲಿಷ್ ಸಾಹೇಬ್ರು. ಅವ್ರು ಹೇಳಿದ್ದನ್ನ ಕನ್ನಡ, ತೆಲುಗು ಮಾಡಿ ಹೇಳೋನು ನಾನು. ಅದಕ್ಕೇ ನನ್ನನ್ನ ಎಲ್ರೂ ಗ್ಯಾಸ್ ಮೇಷ್ಟ್ರು ಅಂತಾರೆ.

ದೃಷ್ಟಿ

ಮುಖವಾಡ ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ವೋ ನೋಡೋಕೆ ಒಂದು ಪರೀಕ್ಷೆ ಇದೆ. ಬಾಗಿಲು ಮುಚ್ಚಿದ ಕೋಣೇಲಿ ಕಣ್ಣುರಿಸೋ ಹೊಗೆ ಹಾಕಿ, ಮುಖವಾಡ ಹಾಕಿದವರನ್ನ ಒಳಗೆ ಕೂರಿಸೋದು. ಸಂದು ಇದ್ರೆ ಹೊಗೆ ನುಗ್ಗುತ್ತೆ, ಮನುಷ್ಯ ಕೆಮ್ತಾನೆ, ಫೇಲು. ಆ ಹೊಗೆ ಮದ್ದು ಸಾಹೇಬ್ರ ಸೀಮೆಯಿಂದ ಹಡಗಲ್ಲಿ ಬರಬೇಕು. ಒಂದು ವರ್ಷ ಬರ್ಲೇ ಇಲ್ಲ. ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ನಾನು, "ಇಷ್ಟೇ ತಾನೇ ಸಾರ್, ಸಂತೇಲಿ ಸಿಗುತ್ತೆ" ಅಂದು ಒಂದು ಚೀಲ ಒಣಮೆಣಸಿನಕಾಯಿ ತರಿಸಿದೆ.

ಕೆಂಡದ ಮೇಲೆ ಒಂದು ಹಿಡಿ ಹಾಕಿದ್ವಿ. ಕೋಣೆ ಹೊರಗಿದ್ದ ಸಾಹೇಬ್ರೇ ಸೀನಿ ಸೀನಿ ಕೆಂಪಗಾದ್ರು. ಒಳಗಡೆ ನಮ್ಮ ಜನ ಮುಖವಾಡ ಹಾಕ್ಕೊಂಡು ಕಲ್ಲು ದೇವರ ಹಾಗೆ ಕೂತಿದ್ದಾರೆ. ಕೆಮ್ಮಿಲ್ಲ, ಏನಿಲ್ಲ. ಸಾಹೇಬ್ರಿಗೆ ಬಹಳ ಖುಷಿ. ಹೊರಗೆ ಬಂದವರ ಮುಖ ನೋಡಿದ್ರೆ ಎಲ್ರೂ ಹೆದರಿ ಬಿಳಿಚಿಕೊಂಡಿದ್ದಾರೆ.

"ಏನ್ರಪ್ಪಾ, ಎಲ್ಲಾ ಪಾಸು!" ಅಂದೆ.

ಒಬ್ಬ ನನ್ನ ಕೈ ಹಿಡ್ಕೊಂಡ. "ಮೇಷ್ಟ್ರೇ, ಅಷ್ಟೊಂದು ಮೆಣಸಿನಕಾಯಿ ಸುಟ್ರೂ ಒಂಚೂರು ಘಾಟು ಬರ್ಲಿಲ್ಲ. ನಮ್ಗೆ ಎಂಥಾ ದೃಷ್ಟಿ ಆಗಿತ್ತು ನೋಡಿ!"

ನಮ್ಮ ಮನೆಗಳಲ್ಲಿ ಮಗು ಹಟ ಮಾಡಿದ್ರೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತೀವಲ್ಲ. ಘಾಟು ಬರ್ಲಿಲ್ಲ ಅಂದ್ರೆ ದೊಡ್ಡ ದೃಷ್ಟಿ ಇತ್ತು ಅಂತ ಲೆಕ್ಕ. ಇದನ್ನ ಸಾಹೇಬ್ರಿಗೆ ಯಾವ ಇಂಗ್ಲಿಷ್‌ನಲ್ಲಿ ಹೇಳ್ಲಿ? "ಮುಖವಾಡ ಚೆನ್ನಾಗಿದೆ ಅಂತಿದ್ದಾರೆ ಸಾರ್" ಅಂದೆ.

ಆಮೇಲೆ ಕೂತ ಎರಡನೇ ತಂಡದಲ್ಲಿ ಕೆಮ್ಮಿದೋನು ಒಬ್ನೇ. ನಮ್ಮ ಮೀಸೆ ಮೇಸ್ತ್ರಿ. ಶ್ರೀನಿವಾಸಪುರದ ಕಡೆಯೋನು, ಆಳು ಬಾಗಿಲಿನಷ್ಟು ಅಗಲ, ಮೀಸೆ ಆ ಆಳಿಗೆ ತಕ್ಕ ಹಾಗೆ. ಮುಖವಾಡದ ರಬ್ಬರ್ ಚರ್ಮಕ್ಕೆ ಅಂಟಬೇಕು. ಇವನಿಗೆ ಅದು ಮೀಸೆ ಮೇಲೆ ಕೂತು ಎರಡೂ ಕಡೆ ಸಂದು ಬಿಟ್ಟಿತ್ತು. ಗೂಳಿ ಥರ ಕೆಮ್ತಾ ಬಾಗಿಲು ಕಿತ್ಕೊಂಡೇ ಹೊರಗೆ ಬಂದ. ಉಳಿದವರು ಅವನನ್ನ ಹೊಟ್ಟೆಕಿಚ್ಚಿಂದ ನೋಡಿದ್ರು.

"ನಿಂಗೇನಪ್ಪಾ, ಪುಣ್ಯವಂತ. ಒಬ್ಬರ ಕಣ್ಣೂ ಬಿದ್ದಿಲ್ಲ."

ಬುತ್ತಿ

"ಮೀಸೆ ತೆಗೆದು ಬಾ" ಅಂದ್ರು ಸಾಹೇಬ್ರು. ಮೇಸ್ತ್ರಿ ನನ್ನ ಮುಖ ನೋಡ್ದ, ನಾನು ನೆಲ ನೋಡ್ದೆ. ನಮ್ಮ ಕಡೆ ಮೀಸೆ ತೆಗೆಯೋದು ಅಪ್ಪ ಸತ್ತಾಗ. ಇವನ ಅಪ್ಪ ಊರಲ್ಲಿ ಗಟ್ಟಿಮುಟ್ಟಾಗಿದ್ದಾರೆ.

ಬೇಡ ಬಿಡು, ಪಡೆಗೆ ಸೇರದಿದ್ರೆ ಏನಾಯ್ತು ಅಂದ್ರೆ ಕೇಳೋನಲ್ಲ. ಅದಕ್ಕೊಂದು ಕಾರಣ ಇತ್ತು. ಹಿಂದೆ ಒಂದು ಸಲ ಇವನ ಜೊತೆಗಾರ ಹೊಗೇಲಿ ಬಿದ್ದುಬಿಟ್ಟಿದ್ದ. ಇವನು ನುಗ್ಗೋಕೆ ಹೋದ್ರೆ ಮುಖವಾಡ ಇಲ್ಲದವರು ಹೋಗಂಗಿಲ್ಲ ಅಂತ ಅಡ್ಡ ಹಿಡಿದು ನಿಲ್ಲಿಸಿದ್ರು. ಪಡೆಯೋರು ಬಂದು ಎತ್ಕೊಂಡು ಬಂದ್ರು, ಜೊತೆಗಾರ ಬದುಕ್ದ. ಆದ್ರೆ ಅವರು ಬರೋವರೆಗೂ ಇವನು ಹಗ್ಗದ ತುದಿ ಹಿಡ್ಕೊಂಡು ಸುಮ್ನೆ ನಿಂತಿದ್ದ. "ಇನ್ನೊಂದ್ ಸಲ ಹಂಗೆ ಹೊರಗಡೆ ನಿಂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಮೇಷ್ಟ್ರೇ" ಅಂತಿದ್ದ.

ಮರುವರ್ಷ ಪರೀಕ್ಷೆಗೆ ಮತ್ತೆ ಬಂದ, ಮೀಸೆ ಸಮೇತ. ಮುಖವಾಡ ಹಾಕ್ಕೊಂಡ. ಮೆಣಸಿನಕಾಯಿ ಸುಟ್ವಿ. ಕೆಮ್ಮಲೇ ಇಲ್ಲ! ಸಾಹೇಬ್ರು ಕೈ ಕುಲುಕಿ, "ಈಗ ತೆಗಿ" ಅಂದ್ರು. ಅದು ಬರ್ಲಿಲ್ಲ. ಸಾಹೇಬ್ರು ಎಳೆದ್ರು, ನಾನು ಎಳೆದೆ, ಇಬ್ಬರೂ ಸೇರಿ ಎಳೆದ್ವಿ. ಮುಖವಾಡದ ಜೊತೆ ಮೇಸ್ತ್ರಿನೇ ಬಂದ. ಕೊನೆಗೆ ಬಿಸಿನೀರು ತರಿಸಿ ನೆನೆಸಿ ಬಿಡಿಸಿದ್ರೆ, ಒಳಗಡೆ ಮೀಸೆ ಪೂರ್ತಿ ರಾಗಿ ಮುದ್ದೆ ಮೆತ್ಕೊಂಡಿದ್ದಾನೆ! ಗಟ್ಟಿಯಾಗಿ, ಗೋಡೆಗೆ ಗಾರೆ ಹಾಕಿದ ಹಾಗೆ.

ಸಾಹೇಬ್ರಿಗೆ ಸಿಟ್ಟು ಬಂತು. "ಕೆಳಗೆ ಗ್ಯಾಸ್ ಬಂದಾಗ ಮುದ್ದೆಗೆ ಎಲ್ಲಿ ಹೋಗ್ತಾನಂತೆ, ಕೇಳು" ಅಂದ್ರು. ಕೇಳ್ದೆ.

"ಬುತ್ತಿ ಯಾವಾಗ್ಲೂ ಜೊತೇಲೇ ಇರುತ್ತಲ್ಲ ದೊರೆ" ಅಂದ ಮೇಸ್ತ್ರಿ.

ಹಕ್ಕಿ

ಕಾಣದ ಗಾಳಿನ ಕಂಡುಹಿಡಿಯೋಕೆ ಸಾಹೇಬ್ರು ಹಳದಿ ಬಣ್ಣದ ಪುಟ್ಟ ಹಕ್ಕಿಗಳನ್ನ ಸಾಕಿದ್ರು. ಪಂಜರದಲ್ಲಿಟ್ಟು ಸುರಂಗದೊಳಗೆ ಒಯ್ಯೋದು. ವಿಷಗಾಳಿ ಇದ್ರೆ ಮನುಷ್ಯನಿಗಿಂತ ಮೊದಲು ಹಕ್ಕಿ ತೂಕಡಿಸಿ ಬೀಳುತ್ತೆ. ಅದು ಬಿದ್ದ ತಕ್ಷಣ ಎಲ್ರೂ ಹೊರಗೆ ಓಡಿ ಬರಬೇಕು. ಈ ಪಾಠಕ್ಕೆ ಮುಖವಾಡ ಬೇಡ. ಹಾಗಾಗಿ ಮೇಸ್ತ್ರಿಗೆ ಪಂಜರ ಹಿಡಿಯೋ ಕೆಲಸ ಕೊಟ್ವಿ.

ಹಳೇ ಸುರಂಗದಲ್ಲಿ ಸ್ವಲ್ಪ ಹೊಗೆ ಮಾಡಿ ನಾಲ್ಕು ಜನರ ಜೊತೆ ಅವನನ್ನ ಕಳಿಸಿದ್ವಿ. ಹೋಗಿ ಇನ್ನೂ ಒಂದು ಗಳಿಗೆ ಆಗಿಲ್ಲ, ಧಡಧಡ ಅಂತ ಮೇಸ್ತ್ರಿ ಒಬ್ನೇ ಓಡಿ ಬಂದ. ಹಕ್ಕಿನ ರುಮಾಲಲ್ಲಿ ಸುತ್ಕೊಂಡು ಅದರ ಕೊಕ್ಕಿಗೆ ಉಫ್ ಉಫ್ ಅಂತ ಊದ್ತಾ ಇದ್ದಾನೆ. ಕಣ್ಣಲ್ಲಿ ನೀರು.

"ಉಳಿದವರೆಲ್ಲೋ?" ಅಂತ ಸಾಹೇಬ್ರು ಕೂಗಿದ್ರು.

"ಬರ್ತಾರೆ ದೊರೆ. ಅವ್ರಿಗೆ ಕಾಲಿದೆ. ಇದನ್ನ ಪಂಜರದಲ್ಲಿ ಕೂಡಿಹಾಕಿ ಕಳಿಸಿದೀರಲ್ಲ, ಪಾಪ!"

ಹಕ್ಕಿ ಎದ್ದು ಕೂತ್ಕೊಳ್ತು. ಉಳಿದವರೂ ಬಂದ್ರು. ಮೇಸ್ತ್ರಿ ಅವರ ಕಡೆ ತಿರುಗೂ ನೋಡ್ಲಿಲ್ಲ. ಹಕ್ಕಿಗೆ ನವಣೆ ತಿನ್ನಿಸ್ತಿದ್ದ.

ಲಾಟೀನು

ಆ ಬೇಸಿಗೇಲಿ ಮೇಸ್ತ್ರಿ ನನ್ನನ್ನ ಊರಿಗೆ ಕರ್ಕೊಂಡು ಹೋದ. ಅವರ ಹಳೇ ಬಾವಿ ಹೂಳು ತೆಗೀಬೇಕು, ಅವರಪ್ಪ, ಅವರ ಮನೆ ತೆಲುಗಲ್ಲಿ ನಾಯ್ನಾ, ತಾನೇ ಇಳೀತೀನಿ ಅಂತ ಹಟ ಹಿಡಿದಿದ್ದಾರೆ, ಬಂದು ಬುದ್ಧಿ ಹೇಳಿ ಅಂತ. ಹೋದ್ರೆ, ಮುದುಕಪ್ಪ ಪಂಚೆ ಎತ್ತಿ ಕಟ್ಟಿ ಬಾವಿ ಕಟ್ಟೆ ಮೇಲೆ ನಿಂತಿದ್ದಾರೆ. ಮಗನ ಮೀಸೆ ಎಲ್ಲಿಂದ ಬಂತು ಅಂತ ಅವರನ್ನ ನೋಡಿದ ಕೂಡ್ಲೆ ಗೊತ್ತಾಯ್ತು.

"ಯಜಮಾನ್ರೇ, ಹಳೇ ಬಾವೀಲಿ ಕೆಟ್ಟ ಗಾಳಿ ಕೂತಿರುತ್ತೆ" ಅಂದೆ. "ಮೊದಲು ದೀಪ ಇಳಿಸಿ ನೋಡೋಣ. ದೀಪ ಆರಿದ್ರೆ ಯಾರೂ ಇಳಿಯೋದು ಬೇಡ."

"ಏಮಿ ಸ್ವಾಮಿ, ಮನೆ ದೀಪನ ಬಾವೀಲಿ ಆರಿಸ್ತೀರಾ? ಮನೆ ಉಳೀತದಾ?"

ಅದೂ ನಿಜವೇ. ಉಪಾಯ ಮುದುಕಪ್ಪನಿಗೇ ಹೊಳೀತು. ಮುಖ ಅರಳಿತು. "ಪಕ್ಕದ ಮನೆ ದಾಯಾದಿ ಇದ್ದಾನಲ್ಲ, ಅವನ ಲಾಟೀನು ತಗೊಂಡು ಬನ್ನಿ. ಆರಿದ್ರೆ ಆರ್ಲಿ!"

ತಂದ್ರು. ಹಗ್ಗ ಕಟ್ಟೋ ಹೊತ್ತಿಗೆ ದಾಯಾದಿ ಬಾಯಿ ಬಡ್ಕೊಂಡು ಓಡಿ ಬಂದ. ಲಾಟೀನಿನ ಹಿಡಿ ಒಬ್ಬರ ಕೈಲಿ, ಬುಡ ಇನ್ನೊಬ್ಬರ ಕೈಲಿ. ಬಾವಿಗಿಂತ ಹೊರಗಡೆಯೇ ಅಪಾಯ ಜಾಸ್ತಿ ಅನ್ನಿಸಿ, ನಾನು ತಂದಿದ್ದ ಗಣಿ ಲಾಟೀನೇ ಇಳಿಸಿದೆ. ಅದಕ್ಕೆ ಯಾರದೂ ತಕರಾರಿಲ್ಲ. ಅರ್ಧ ಇಳಿಯೋ ಅಷ್ಟರಲ್ಲಿ ದೀಪ ಪುಸಕ್ಕಂತ ಆರಿ ಹೋಯ್ತು. ಮುದುಕಪ್ಪ ಕಟ್ಟೆ ಇಳಿದು ಬಂದ್ರು. ಬೇವಿನ ಸೊಪ್ಪಿನ ಕಂತೆ ಕಟ್ಟಿ ಬಾವೀಲಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದ್ವಿ. ದೀಪ ಉರಿಯೋ ಹಾಗಾದ ಮೇಲೇ ಆಳುಗಳು ಇಳಿದದ್ದು.

ಹೊರಡುವಾಗ ಮುದುಕಪ್ಪ ಒಂದು ಗೋಣಿಚೀಲ ಮಾವಿನಹಣ್ಣು ಹೊರಿಸಿದ್ರು. ಬೇಡ ಅಂದ್ರೆ, "ಈ ಮನೆಗೆ ಬಂದೋರು ಯಾರೂ ಬರಿಗೈಲಿ ಹೋಗಿಲ್ಲ" ಅಂದ್ರು. ಆಮೇಲೆ ಲಾಟೀನು ನೋಡಿ ನಿಟ್ಟುಸಿರು ಬಿಟ್ರು. "ಪಾಪ, ಸೀಮೆಯವರ ದೀಪ. ಅವ್ರಿಗೆ ಏನಾಗುತ್ತೋ ಏನೋ."

ಆ ಮಳೆಗಾಲ ಮುಗಿಯೋದ್ರೊಳಗೆ ಸೀಮೇಲಿ ಯುದ್ಧ ಶುರುವಾಯ್ತು. ಮುದುಕಪ್ಪ ಮಗನ ಕೈಲಿ ಹೇಳಿ ಕಳಿಸಿದ್ರು: "ಮೇಷ್ಟ್ರಿಗೆ ಹೇಳು, ಆ ದೀಪದ ವಿಷಯ ನಾನು ಬಾಯಿ ಬಿಡಲ್ಲ."

ಮೀಸೆ

ಯುದ್ಧ ಬಂದ ಮೇಲೆ ಹೊಸ ಮುಖವಾಡ ಬರೋದು ನಿಂತು ಹೋಯ್ತು. ಒಂದು ಅವರೆಕಾಯಿ ಕಾಲದಲ್ಲಿ ಸಾಹೇಬ್ರು ಹೇಳಿದ್ರು: ಉಳಿದಿರೋದು ಒಂದೇ, ಈ ಸಲ ಪಾಸಾದೋನಿಗೆ ಅದು, ಆಮೇಲೆ ಯುದ್ಧ ಮುಗಿಯೋವರೆಗೂ ಪಡೆಗೆ ಯಾರನ್ನೂ ಸೇರಿಸ್ಕೊಳ್ಳಲ್ಲ.

ಮೇಸ್ತ್ರಿ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಕ್ಷೌರದವನ ಮುಂದೆ ಹೋಗಿ ಕೂತು, "ಮೀಸೆ ತೆಗಿ" ಅಂದ. ಕ್ಷೌರದವನ ಕಣ್ಣು ತುಂಬಿ ಬಂತು.

"ಯಾವಾಗ ಹೋದ್ರಣ್ಣ?"

"ಯಾರೂ ಹೋಗಿಲ್ಲ ಕಣಯ್ಯ. ಅಪ್ಪ ಚೆನ್ನಾಗಿದ್ದಾರೆ."

"ಮೊದಮೊದಲು ಎಲ್ರಿಗೂ ಹಂಗೇ ಅನ್ಸುತ್ತೆ" ಅಂತ ಸಮಾಧಾನ ಹೇಳ್ತಾ ಮೀಸೆ ತೆಗೆದ. ಅದೇ ಕೈಯಲ್ಲಿ ತಲೇನೂ ಶುರು ಮಾಡಿಬಿಟ್ಟ. ಮೇಸ್ತ್ರಿ ಕೂಗಿಕೊಂಡ್ರೆ, "ಅರ್ಧಕ್ಕೆ ಬಿಟ್ರೆ ಹೋದೋರಿಗೆ ಶಾಂತಿ ಇರಲ್ಲಣ್ಣ" ಅಂದು ಪೂರ್ತಿ ನುಣ್ಣಗೆ ಮಾಡಿ, ಕೂಲೀನೂ ಮುಟ್ಲಿಲ್ಲ.

ಕೂದಲು ಬರೋವರೆಗೂ ಊರ ಕಡೆ ತಲೆ ಹಾಕದಿದ್ರೆ ಆಯ್ತು ಅಂತ ಮೇಸ್ತ್ರಿ ಲೆಕ್ಕ. ಆದ್ರೆ ಅವನ ಅಕ್ಕನ ಗಂಡ ಮಾಲೂರಿನ ಕಡೆಯೋನು. ಶಿವಾರಪಟ್ಟಣದಲ್ಲಿ ಕೆತ್ತಿದ ವಿಗ್ರಹಗಳನ್ನ ಗಾಡೀಲಿ ಸಾಗಿಸೋ ಕೆಲಸ. ಆವತ್ತೇ ಗಣಿ ಹತ್ರದ ಗುಡಿಗೆ ವಿಗ್ರಹ ತಂದಿದ್ದ. ದೂರದಿಂದ ಭಾಮೈದನ ಬೋಳು ತಲೆ ಕಂಡ. ಕೂಗೋ ಅಷ್ಟರಲ್ಲಿ ಪಾಳಿ ಗಂಟೆ ಆಗಿ ಮೇಸ್ತ್ರಿ ಗಣಿಗೆ ಇಳಿದು ಹೋಗಿದ್ದ. ಈ ಭಾವನಿಗೂ ಅವನ ಮಾವ ನಮ್ಮ ಮುದುಕಪ್ಪನಿಗೂ ಒಂದು ಎತ್ತಿನ ವಿಷಯಕ್ಕೆ ಬಹಳ ದಿನದಿಂದ ಮಾತಿಲ್ಲ. 'ಮಾತಾಡಿಸದೆ ಕಳ್ಕೊಂಡ್ನಲ್ಲ' ಅಂತ ಗಾಡಿ ಚಕ್ರಕ್ಕೆ ತಲೆ ಚಚ್ಕೊಂಡನಂತೆ.

ಮಾರನೇ ದಿನ ಅಕ್ಕ, ಭಾವ, ಅವರ ಕಡೆ ಜನ ಎಲ್ಲಾ ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಲ್ಲಿ ಓಡ್ತಿದ್ದ ಬಸ್ಸು ಹತ್ತಿ, ಏರು ಬಂದಾಗೆಲ್ಲ ಇಳಿದು ತಳ್ತಾ, ಅಳ್ತಾ, ಮತ್ತೆ ಹತ್ತಿ ಊರಿಗೆ ಹೋದ್ರು. ಮುದುಕಪ್ಪ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ರು. ಬೀದಿ ಕೊನೇಲಿ ಮಗಳು ಕೂದಲು ಬಿಚ್ಕೊಂಡು ಎದೆ ಬಡ್ಕೊಂಡು ಬರೋದು ಕಾಣಿಸ್ತು. ಅಯ್ಯೋ, ಅವಳ ಮನೇಲಿ ಯಾರೋ ಹೋದ್ರು ಅಂತ ಇವರೂ ಎದ್ದು ಅಳ್ತಾ ಎದುರು ಹೋದ್ರು. ಅವಳು ಸೆರಗಲ್ಲಿ ಮುಖ ಮುಚ್ಕೊಂಡು ಸಿಕ್ಕ ಹೆಗಲ ಮೇಲೆ ಬಿದ್ದಳು.

"ನಾಯ್ನಾ ಹೋಗ್ಬಿಟ್ರು! ಅಂಥಾ ಮನುಷ್ಯ ಎಲ್ಲಿ ಸಿಗ್ತಾರೆ! ಕೈ ಎತ್ತಿ ಕೊಟ್ಟೋರು!"

"ಅಯ್ಯಯ್ಯೋ, ಪಾಪ" ಅಂತ ಮುದುಕಪ್ಪ ಬೆನ್ನು ಸವರಿದ್ರು. "ಯಾರ ನಾಯ್ನಾ ತಾಯಿ?"

ಅವಳು ಸೆರಗು ತೆಗೆದು ನೋಡಿದೋಳು ಹಾಗೇ ಬೀದೀಲಿ ಕುಸಿದು ಕೂತಳಂತೆ. ಹಿಂದೆ ಇದ್ದ ಭಾವ ಮಾವನ ಕಾಲು ಹಿಡಿದೋನು ಬಿಡಲೇ ಇಲ್ವಂತೆ.

ವಿಷಯ ತಿಳಿದ ಮುದುಕಪ್ಪ ದೊಣ್ಣೆ ತಗೊಂಡು ಮರುದಿನದ ಬಸ್ಸಿಗೆ ಗಣಿಗೆ ಬಂದ್ರು. ಅವತ್ತೇ ಪರೀಕ್ಷೆ.

"ಎಲ್ಲಿ ಅವನು?" ಅಂದ್ರು.

"ಒಳಗಿದ್ದಾನೆ ಯಜಮಾನ್ರೇ. ಇನ್ನೊಂದು ಗಳಿಗೆ, ಅವನ ಪರೀಕ್ಷೆ ಮುಗೀತದೆ" ಅಂದೆ. ಕಿಟಕಿ ಗಾಜಲ್ಲಿ ನೋಡಿದ್ರು. ಮೆಣಸಿನಕಾಯಿ ಹೊಗೆ ನಡುವೆ ಮೇಸ್ತ್ರಿ ಕೈಕಟ್ಟಿ ಕೂತಿದ್ದಾನೆ, ಒಂದು ಕೆಮ್ಮಿಲ್ಲ. ನಾನು ಬಾಗಿಲಿಗೆ ಅಡ್ಡ ಬರೋದ್ರೊಳಗೆ ಮುದುಕಪ್ಪ, "ಏಮಿರಾ, ನನ್ನ ಸಾಯಿಸಿ ಇಲ್ಲಿ ಆರಾಮಾಗಿ ಕೂತಿದೀಯಾ!" ಅಂತ ಬಾಗಿಲು ಒದ್ದು ಒಳಗೆ ನುಗ್ಗಿದ್ರು.

ಎರಡು ಹೆಜ್ಜೆ ಇಟ್ಟಿರಬೇಕು. ದೊಣ್ಣೆ ಒಂದು ಕಡೆ, ಅವರೊಂದು ಕಡೆ.

ಮೇಸ್ತ್ರಿ ಒಂದು ಕ್ಷಣ ಯೋಚಿಸ್ಲಿಲ್ಲ. ಪಾಠದಲ್ಲಿ ಹೇಳಿದ ಹಾಗೇ ಬಗ್ಗಿ, ಹೆಗಲಿಗೆ ಹಾಕ್ಕೊಂಡು, ಹೊರಗೆ ತಂದು ಗಾಳಿಗೆ ಮಲಗಿಸಿ, ಅಂಗಿ ಗುಂಡಿ ಬಿಚ್ಚಿದ. ಒಂದು ತಪ್ಪಿಲ್ಲ. ಸಾಹೇಬ್ರು ಹತ್ತಿರ ಬಂದು ಅವನ ಬೆನ್ನು ತಟ್ಟಿ, "ಪಾಸು" ಅಂದ್ರು. ಅವನಿಗೆ ಕೇಳಿಸ್ಲೇ ಇಲ್ಲ.

ಮುದುಕಪ್ಪ ಕಣ್ಣು ಬಿಟ್ರು. ಎದುರಿಗೆ ಎರಡು ದುಂಡು ಗಾಜಿನ ಕಣ್ಣು, ಕುರುಡುಮಲೆ ಗಣಪನ ಹಾಗೆ ಸೊಂಡಿಲು, ಕಪ್ಪು ರಬ್ಬರ್ ಮುಖ. ಕೈ ಮುಗಿದ್ರು.

"ಬಂದ್ಬಿಟ್ರಾ ಸ್ವಾಮಿ? ನಿನ್ನೆ ತಾನೇ ಅತ್ರು, ಇವತ್ತೇ ಕರ್ಕೊಂಡು ಹೋಗ್ಬೇಕಾ?"

ಮೇಸ್ತ್ರಿ ಮುಖವಾಡ ಕಿತ್ತು, "ನಾಯ್ನಾ, ನಾನು!" ಅಂದ. ಬೋಳು ತಲೆ, ಬೋಳು ತುಟಿ, ಮೂಗಲ್ಲಿ ಕಣ್ಣಲ್ಲಿ ನೀರು. ಮುದುಕಪ್ಪ ಮೊಣಕೈ ಊರಿ ಎದ್ದು ಕೂತ್ರು. ಹೊಡೀತಾರೆ ಅಂತ ನಾನು ಬಾಗಿಲ ಹತ್ರ ಬಿದ್ದಿದ್ದ ದೊಣ್ಣೆ ಎತ್ತಿ ಹಿಂದೆ ಬಚ್ಚಿಟ್ಕೊಂಡೆ. ಅವರು ಕೈ ಎತ್ತಿ ಮಗನ ತಲೆ ಸವರಿದ್ರು ಅಷ್ಟೇ.

"ನಿಮ್ಮಕ್ಕ ಏನ್ ಚೆನ್ನಾಗಿ ಅತ್ಲು ಗೊತ್ತಾ? ನಾನಿಷ್ಟು ಒಳ್ಳೆಯೋನು ಅಂತ ಇಷ್ಟು ವರ್ಷ ಒಬ್ರೂ ಹೇಳಿರ್ಲಿಲ್ಲ. ಆ ಅಳಿಯ ಕೂಡ ಮಾತಾಡ್ದ." ಆಮೇಲೆ ನನ್ನ ಕಡೆ ತಿರುಗಿದ್ರು. "ಮೇಷ್ಟ್ರೇ, ಈ ಪರೀಕ್ಷೆ ಇಷ್ಟಕ್ಕೇ ಮುಗೀತಾ?"

"ಇಲ್ಲ ಯಜಮಾನ್ರೇ. ಪಡೇಲಿ ಇರೋವರೆಗೂ ವರ್ಷಾ ವರ್ಷಾ ಇದೆ. ಪ್ರತಿ ಸಲ ಮೀಸೆ ತೆಗೀಬೇಕು."

ಮುದುಕಪ್ಪ ತಮ್ಮ ಮೀಸೆ ನೀವಿಕೊಂಡ್ರು.

"ಹಂಗಿದ್ರೆ ದೊರೆಗಳಿಗೆ ಹೇಳಿ ಪರೀಕ್ಷೆ ಮಾವಿನಹಣ್ಣಿನ ಕಾಲದಲ್ಲಿ ಇಡಿಸಿ. ಮಗಳು, ಅಳಿಯ ಅಷ್ಟು ದೂರದಿಂದ ಅಳೋಕೆ ಬರ್ತಾರೆ, ಬರಿಗೈಲಿ ಕಳಿಸೋಕೆ ಆಗಲ್ಲ."